ಬೆಂಕಿಯ ಸರದಿ

ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರೂ ಅವಳನ್ನು ಫೋನಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ತಲೆಗೆ ಹೆಡ್‌ಫೋನ್ ಹಾಕಿಕೊಂಡು ಕೂರುವುದು, ಕರೆ ಬಂದ ಕೂಡಲೇ ಎತ್ತುವುದು, ಎಲ್ಲಿ ಏನು ಹೊತ್ತಿಕೊಂಡಿದೆ ಎಂದು ಕೇಳಿ ಗಾಡಿ ಕಳಿಸುವುದು, ಗಾಡಿ ಮುಟ್ಟುವ ತನಕ ಆ ಕಡೆಯವರನ್ನು ಮಾತಿನಲ್ಲಿ ಹಿಡಿದಿಟ್ಟುಕೊಳ್ಳುವುದು. ಇಷ್ಟು ವರ್ಷದಲ್ಲಿ ಒಂದೇ ಒಂದು ದೊಡ್ಡ ಬೆಂಕಿಯನ್ನೂ ಅವಳು ಕಣ್ಣಾರೆ ನೋಡಿರಲಿಲ್ಲ. ಕೇಳಿದ್ದಳು, ಅಷ್ಟೆ. ಪರದೆ ಹೊತ್ತಿಕೊಂಡಾಗಿನ ಸದ್ದು ಬೇರೆ, ಮರದ ಕಪಾಟು ಉರಿಯುವಾಗಿನ ಸದ್ದು ಬೇರೆ. ಕರೆ ಮಾಡಿದವರ ಕೆಮ್ಮು ಕೇಳಿಯೇ ಹೊಗೆ ಎಷ್ಟು ಕೆಳಗಿಳಿದಿದೆ ಎಂದು ಅಂದಾಜು ಮಾಡಬಲ್ಲಳು.

ಐವತ್ತೊಂದನೇ ವಯಸ್ಸಿಗೆ, ಇನ್ನೂ ಒಂಬತ್ತು ವರ್ಷ ಸರ್ವಿಸ್ ಇರುವಾಗಲೇ, ಅವಳು ಕೆಲಸ ಬಿಟ್ಟಳು. ಕೇಳಿದವರಿಗೆಲ್ಲ ಕಿವಿ ಮಂದವಾಗಿದೆ ಎಂದಳು. ಕಿವಿ ಸರಿಯಾಗಿಯೇ ಇತ್ತು.

ಆಮೇಲಿನ ಒಂದೂವರೆ ವರ್ಷ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅವಳು ಒಬ್ಬಳೇ ಇದ್ದಳು. ಮದುವೆಯಾಗಿತ್ತು, ನಾಲ್ಕೇ ವರ್ಷಕ್ಕೆ ಮುಗಿದಿತ್ತು. ಹಗಲು ಪಾಳಿ, ರಾತ್ರಿ ಪಾಳಿ ಎಂದು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ದಿನ ಕಳೆದು, ಕೊನೆಗೆ ಜಗಳವಾಡಲೂ ಪುರುಸೊತ್ತು ಸಿಗದೆ ಬೇರೆಯಾಗಿದ್ದರು. ತಮ್ಮನೊಬ್ಬ ದೂರದ ಊರಿನಲ್ಲಿದ್ದ. ತಿಂಗಳಿಗೊಮ್ಮೆ ಫೋನ್ ಮಾಡಿ, ಹೇಗಿದೀಯ ಅಕ್ಕ ಎಂದು ಕೇಳಿ, ಹೀಗೇ ಇದೀನಿ ಕಣೋ ಎಂದು ಅವಳು ಅಂದರೆ ನೆಮ್ಮದಿಯಾಗಿ ಇಟ್ಟುಬಿಡುತ್ತಿದ್ದ. ಅದು ಬಿಟ್ಟರೆ ಫೋನ್ ಸದ್ದು ಮಾಡುವುದೇ ಅಪರೂಪ. ಮಾಡಿದರೆ ಕೈ ತಾನಾಗಿ ಎತ್ತುತ್ತಿತ್ತು, ಬಾಯಿ ತಾನಾಗಿ "ಎಲ್ಲಿಂದ ಮಾತಾಡ್ತಿದೀರಿ, ಏನಾಗಿದೆ?" ಅನ್ನುತ್ತಿತ್ತು. ಪಾರ್ಸಲ್ ತಂದವನೊಬ್ಬ ಗಾಬರಿಯಾಗಿ, ಏನೂ ಆಗಿಲ್ಲ ಮೇಡಂ, ಕೆಳಗೆ ನಿಂತಿದೀನಿ ಅಷ್ಟೆ, ಎಂದಿದ್ದ. ಆವತ್ತು ಅವಳು ಒಬ್ಬಳೇ ನಕ್ಕಳು. ನಕ್ಕ ಸದ್ದು ಕೋಣೆಯಲ್ಲಿ ಬೇರೆ ಯಾರದ್ದೋ ಅನ್ನಿಸಿ ಸುಮ್ಮನಾದಳು.

ವಾರಗಟ್ಟಲೆ ಯಾರ ಜೊತೆಗೂ ನಾಲ್ಕು ಮಾತಾಡದೆ ಇರಬಹುದು ಎನ್ನುವುದು ಅವಳಿಗೆ ಗೊತ್ತಾದದ್ದು ಕನ್ನಡಕದ ಅಂಗಡಿಯಲ್ಲಿ. ಓದಲು ಅಕ್ಷರ ಮಸುಕಾಗುತ್ತಿದೆ ಎಂದು ಹೇಳಹೋದರೆ ಗಂಟಲಿನಿಂದ ಗಾಳಿ ಮಾತ್ರ ಬಂತು. ಎರಡು ಸಲ ಕೆಮ್ಮಿದ ಮೇಲೆ ಸ್ವರ ಹೊರಟಿತು. ಅಂಗಡಿಯವನು ನಲವತ್ತು ದಾಟಿದ, ಮೃದು ಮಾತಿನ ಮನುಷ್ಯ. ಹೆಂಡತಿಗೆ ಬೇರೆ ಊರಲ್ಲಿ ಕೆಲಸ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವನ ವಾಸ. ಕಣ್ಣು ಪರೀಕ್ಷೆ ಮಾಡಿ, ಕನ್ನಡಕ ತಗೊಳ್ಳೋಕೆ ಭಾನುವಾರ ಮಧ್ಯಾಹ್ನ ಬನ್ನಿ, ಶಟರ್ ಅರ್ಧ ಇಳಿಸಿರ್ತೀನಿ, ಬಗ್ಗಿ ಬಂದುಬಿಡಿ ಎಂದ.

ಅವಳು ಬಗ್ಗಿ ಒಳಗೆ ಬಂದಾಗ ಮುಂದೆ ಯಾರೂ ಇರಲಿಲ್ಲ. ಪರದೆಯ ಹಿಂದಿನಿಂದ ಮಾತು ಕೇಳಿಸಿತು. ಅಂಗಡಿಯವನ ದನಿ ಹೇಳುತ್ತಿತ್ತು: ಗೋದಾಮಿನ ಒಳಗೆ ಉರಿ ಕಾಣುತ್ತಿಲ್ಲ, ಕಿಟಕಿ ಗಾಜು ಕಪ್ಪಾಗಿದೆ, ಬಾಗಿಲ ಕೆಳಗಿನ ಸಂದಿಯಿಂದ ಹೊಗೆ ಒಮ್ಮೆ ಹೊರಗೆ ಬರುತ್ತದೆ, ಒಮ್ಮೆ ಒಳಗೆ ಎಳೆದುಕೊಳ್ಳುತ್ತದೆ. ಆಗ ಇನ್ನೊಂದು ದಪ್ಪ ದನಿ, ನಾನು ಬಾಗಿಲು ಒದ್ದು ತೆಗೀತೀನಿ, ಅಂದಿತು.

"ತೆಗೀಬೇಡಿ. ಬಾಗಿಲಿಂದ ದೂರ ಬನ್ನಿ."

ಅವಳ ಸ್ವರ ಅದಾಗಿಯೇ ಹೊರಬಿದ್ದಿತ್ತು. ಗಟ್ಟಿಯಾಗಿರಲಿಲ್ಲ, ಆದರೆ ಠಾಣೆಯಲ್ಲಿ ಕೂತು ಮಾತಾಡುವಾಗಿನ ಸ್ವರ. ಕೇಳಿದವರು ಎದುರು ಮಾತಾಡದ ಸ್ವರ. ಪರದೆ ಸರಿಯಿತು. ಮೂವರು ಅವಳನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಕಾಗದ, ಪೆನ್ಸಿಲ್ಲು, ಬಣ್ಣಬಣ್ಣದ ದಾಳಗಳು, ಅರ್ಧ ಕುಡಿದ ಟೀ ಲೋಟಗಳು. ಗೋದಾಮು ಎಲ್ಲಿಯೂ ಇರಲಿಲ್ಲ.

ಅವರು ಆಡುತ್ತಿದ್ದದ್ದು ಬಾಯಿಮಾತಿನ ಆಟ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬ ಸೂಪರ್‌ಹೀರೋ ಆಗಿ, ತಮ್ಮ ಸರದಿ ಬಂದಾಗ ಏನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ದಪ್ಪ ದನಿಯವನು ಬಸ್ ಡ್ರೈವರ್. ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಬೋರ್ಡಿನ ಕೆಳಗೆ ವಾರವಿಡೀ ಕೂತು ಬರುವವನು. ಭಾನುವಾರ ಅವನ ಬಾಯಿಗೆ ಬೀಗವಿಲ್ಲ. ಅವನ ಹೀರೋ ಬಿರುಗಾಳಿ, ಕೈಬೀಸಿದರೆ ಗಾಳಿ ಏಳುತ್ತದೆ. ಇನ್ನೊಬ್ಬಳು ಶಾಲೆಯ ಡ್ರಾಯಿಂಗ್ ಟೀಚರ್, ಮಿತಭಾಷಿ, ಪೆನ್ಸಿಲ್ ತುದಿ ಕಚ್ಚುವ ಚಟದವಳು. ಅವಳ ಹೀರೋ ಉಕ್ಕಮ್ಮ, ಮೈಯೆಲ್ಲ ಉಕ್ಕು, ಯಾವ ಪೆಟ್ಟೂ ತಾಗುವುದಿಲ್ಲ.

ಯಾಕೆ ತೆಗೀಬಾರದು ಮೇಡಂ ಎಂದು ಡ್ರೈವರ್ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ. ಅವಳು ನಿಂತೇ ಹೇಳಿದಳು. ಒಳಗೆ ಬೆಂಕಿ ಸತ್ತಿಲ್ಲ, ಉಸಿರು ಕಟ್ಟಿ ಕೂತಿದೆ. ಬಾಗಿಲು ತೆಗೆದರೆ ಹೊರಗಿನ ಗಾಳಿ ಸಿಕ್ಕು ಒಟ್ಟಿಗೆ ಸಿಡಿದು ಹೊರಗೆ ಬರುತ್ತದೆ, ನಿಂತವರು ಹೋದ ಹಾಗೇ. ಮೊದಲು ಮೇಲ್ಗಡೆ ದಾರಿ ಮಾಡಬೇಕು, ಬಿಸಿ ಹೊಗೆ ಅಲ್ಲಿಂದ ಹೋಗಬೇಕು. ಹಾಗಾದ್ರೆ ನಾನು ಗಾಳಿ ಊದಿ ಆರಿಸ್ತೀನಿ ಎಂದ ಡ್ರೈವರ್. ಊದಿದ್ರೆ ಬೆಂಕಿಗೆ ಕೂರಿಸಿ ಊಟ ಬಡಿಸಿದ ಹಾಗಾಗುತ್ತೆ ಎಂದಳು. ಟೀಚರ್ ಮೆಲ್ಲಗೆ, ನನ್ನ ಉಕ್ಕಮ್ಮನಿಗೆ ಏನೂ ಆಗಲ್ಲವಲ್ಲ, ಅವಳೇ ಹೋಗಿ ಜನರನ್ನ ಎತ್ಕೊಂಡು ಬರ್ತಾಳೆ ಎಂದಳು. ಅವಳಿಗೇನೂ ಆಗಲ್ಲ, ಆದ್ರೆ ಕಾದ ಉಕ್ಕಿನ ತೋಳಲ್ಲಿ ಎತ್ಕೊಂಡವರ ಗತಿ ಏನು ಎಂದು ಫೋನಕ್ಕ ಕೇಳಿದಾಗ ಟೀಚರ್ ಪೆನ್ಸಿಲ್ ಕಚ್ಚುವುದನ್ನೇ ಮರೆತಳು.

ಅಂಗಡಿಯವನು ಆಟದ ಪುಸ್ತಕ ತೆಗೆದು ತೋರಿಸಿದ. ಬೆಂಕಿಯ ಬಗ್ಗೆ ಅದರಲ್ಲಿದ್ದದ್ದು ಒಂದೇ ಸಾಲು: ಬೆಂಕಿ ತಾಗಿದರೆ ಪ್ರತಿ ಸರದಿಗೆ ಆರು ಅಂಕ ಪೆಟ್ಟು. ಅವಳು ಹೊಸ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದಳು. ಬೆಂಕಿ ತಾಗೋವರೆಗೆ ಯಾರಿರ್ತಾರೆ, ಅದಕ್ಕೆ ಮುಂಚೆ ಹೊಗೆಯೇ ಮುಗಿಸಿರುತ್ತೆ ಎಂದಳು. ಯಾರೋ ಕುರ್ಚಿ ಎಳೆದರು. ಅವಳು ಕೂತಳು.

ಮುಂದಿನ ಭಾನುವಾರಕ್ಕೆ ಅವಳು ಗೆರೆ ಹಾಳೆಯ ಎರಡು ಪುಟ ಬರೆದು ತಂದಿದ್ದಳು. ಒಂದು ಸರದಿ ಎಂದರೆ ಅರ್ಧ ನಿಮಿಷ. ಹೊಗೆ ಮೊದಲು ಛಾವಣಿಗೆ ಹೋಗುತ್ತದೆ, ಪ್ರತಿ ಸರದಿಗೂ ಒಂದು ಮೊಳ ಕೆಳಗಿಳಿಯುತ್ತದೆ. ನಿಂತು ನಡೆದವರು ಮೂರನೇ ಸರದಿಗೆ ಕುರುಡರು, ತೆವಳಿದವರಿಗೆ ಆರರ ತನಕ ಕಾಣುತ್ತದೆ. ಮುಚ್ಚಿದ ಬಾಗಿಲು ಹತ್ತಾರು ಸರದಿ ತಡೆಯುತ್ತದೆ, ತೆರೆದ ಬಾಗಿಲು ಒಂದೂ ಇಲ್ಲ. ಬಾಗಿಲು ಮುಟ್ಟಿ ನೋಡದೆ ತೆಗೆದವರು ದಾಳ ಹಾಕಬೇಕು. ಮುಟ್ಟುವುದು ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಎಣ್ಣೆಯ ಬೆಂಕಿಗೆ ನೀರು ಹಾಕಿದ ಹೀರೋ ಎರಡು ಸರದಿ ಕೂರಬೇಕು, ನಾಚಿಕೆಗೆ. ಆ ಕೊನೆಯ ಮಾತಿಗೆ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಎಲ್ಲಕ್ಕಿಂತ ಕೆಳಗೆ ಬರೆದಿದ್ದಳು: ಎಲ್ಲರ ಸರದಿ ಮುಗಿದ ಮೇಲೆ ಬೆಂಕಿಗೂ ಒಂದು ಸರದಿ.

ಬೆಂಕಿಯ ಸರದಿಯನ್ನು ನೀವೇ ಆಡಿ ಎಂದ ಅಂಗಡಿಯವನು. ಅವಳು ಹೀರೋ ಆಗಲು ಒಪ್ಪಿರಲಿಲ್ಲ, ಹಾರುವುದು ಗುದ್ದುವುದು ತನ್ನಿಂದಾಗದು ಎಂದಿದ್ದಳು. ಇದಕ್ಕೆ ಒಪ್ಪಿದಳು. ಅಲ್ಲಿಂದ ಮುಂದೆ ನಾಲ್ಕು ತಿಂಗಳು, ಆ ಮೂವರು ಕಟ್ಟಿದ ಕಾಗದದ ಊರಿನಲ್ಲಿ ಅವಳೇ ಬೆಂಕಿಯಾಗಿದ್ದಳು. ಕೆಂಡರಾಯ ಎಂಬ ಖಳ ಎಲ್ಲೆಂದರಲ್ಲಿ ಕಿಚ್ಚಿಡುತ್ತಿದ್ದ. ಆದರೆ ಇಟ್ಟ ಮೇಲೆ ಅದು ಅವನ ಮಾತೂ ಕೇಳುತ್ತಿರಲಿಲ್ಲ, ಅವಳು ಹೇಳಿದ ಕಡೆ ಹೋಗುತ್ತಿತ್ತು. ಬೆಂಕಿಗೆ ಯಾರ ಮೇಲೂ ಹಗೆ ಇಲ್ಲ, ದಾರಿ ಇದ್ದ ಕಡೆ ಹೋಗುತ್ತೆ ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು. ಹೀರೋಗಳು ನಿಧಾನವಾಗಿ ಕಲಿತರು. ಬಿರುಗಾಳಿ ಊದುವುದು ಬಿಟ್ಟು ಛಾವಣಿಯಿಂದ ಹೊಗೆ ಹೀರುವುದು ಕಲಿತ. ಉಕ್ಕಮ್ಮ ಒದ್ದೆ ಕಂಬಳಿ ಹೊದೆಯದೆ ಯಾರನ್ನೂ ಎತ್ತುತ್ತಿರಲಿಲ್ಲ.

ಅವಳಿಗೆ ಇದು ಸಂತೋಷವಾಗಿತ್ತೇ ಎಂದರೆ, ಹೌದು, ಎರಡೂವರೆಯಿಂದ ಐದರ ತನಕ. ಐದೂಕಾಲಕ್ಕೆ ಅವಳು ಮನೆಯ ಬೀಗ ತೆಗೆಯುತ್ತಿದ್ದಳು, ಮಧ್ಯಾಹ್ನ ಬಿಟ್ಟುಹೋದ ಲೋಟ ಬಿಟ್ಟ ಜಾಗದಲ್ಲೇ ಇರುತ್ತಿತ್ತು. ಆರು ದಿನ ಹಾಗೆಯೇ. ಅವರು ಮೂವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಆದರೆ ಅವಳು ಕೆಲಸ ಯಾಕೆ ಬಿಟ್ಟಳೆಂದು ಯಾರೂ ಕೇಳಿರಲಿಲ್ಲ. ಅವಳೂ ಅವರ ಬಗ್ಗೆ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಕೇಳಿದ್ದು ಎರಡೇ ಪ್ರಶ್ನೆ, ಎಲ್ಲಿದೀರಿ, ಏನಾಗಿದೆ. ಅದರಾಚೆ ಕೇಳುವುದು ಹೇಗೆಂದು ಅವಳಿಗೆ ಅಭ್ಯಾಸ ತಪ್ಪಿತ್ತು.

ಐದನೇ ತಿಂಗಳ ಮೊದಲ ಭಾನುವಾರ ಅಂಗಡಿಯವನು ಹೊಸ ಕಥೆ ತಂದ. ಹಳೇ ಪೇಪರಿನಲ್ಲಿ ಓದಿದ್ದು, ನಮ್ಮ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಹುರುಪಿನಿಂದ ಶುರು ಮಾಡಿದ. ಬೆಳಿಗ್ಗೆ ಹನ್ನೊಂದು ಗಂಟೆ. ಆರು ಮಹಡಿಯ ನೀಲಿ ಕಟ್ಟಡ. ಮೆಟ್ಟಿಲ ಕೆಳಗೆ ಚಾರ್ಜಿಗಿಟ್ಟ ಸೈಕಲ್ ಬ್ಯಾಟರಿ ಸಿಡಿದು, ಮೆಟ್ಟಿಲ ದಾರಿಯೆಲ್ಲ ಕಪ್ಪು ಹೊಗೆ. ಐದನೇ ಮಹಡಿಯಲ್ಲಿ ಒಬ್ಬಳೇ ಹೆಂಗಸು. ಕಿಟಕಿಗೆ ಕಬ್ಬಿಣದ ಸರಳು.

ಫೋನಕ್ಕ ಪೆನ್ಸಿಲ್ ಕೆಳಗಿಟ್ಟಳು. ಯಾರೂ ಗಮನಿಸಲಿಲ್ಲ. ಆಟ ಚುರುಕಾಗಿ ನಡೆಯಿತು. ಬಿರುಗಾಳಿ ಊರಿನ ಆ ತುದಿಯಲ್ಲಿದ್ದ, ಬರಲು ನಾಲ್ಕು ಸರದಿ ಬೇಕು. ಉಕ್ಕಮ್ಮ ಕೆಳಗೆ ಮೆಟ್ಟಿಲಲ್ಲಿ ಸಿಕ್ಕವರನ್ನು ತೆಗೆಯುತ್ತಿದ್ದಳು. ಆಡುತ್ತಿದ್ದ ಇಬ್ಬರೂ ಅಕ್ಕನ ಹಾಳೆ ನೋಡಿಕೊಂಡು, ಐದನೇ ಮಹಡಿಯವಳಿಗೆ ಉಕ್ಕಮ್ಮನಿಂದ ಕೂಗಿ ಹೇಳಿಸಿದರು: ಮೆಟ್ಟಿಲಿಗೆ ಬರಬೇಡಿ, ಬಾಗಿಲು ಮುಚ್ಚಿ, ಒದ್ದೆ ಬಟ್ಟೆ ಸಂದಿಗೆ ತುರುಕಿ, ಕಿಟಕಿ ಹತ್ತಿರ ಕೂತುಕೊಳ್ಳಿ. ಒಂದೂ ತಪ್ಪಿಲ್ಲ. ಟೀಚರ್ ಹಾಳೆಯಿಂದ ತಲೆಯೆತ್ತಿ, ಸರೀನಾ ಅಕ್ಕ ಎಂದಳು.

ಎಲ್ಲರೂ ಅವಳತ್ತ ನೋಡಿದರು. ಬೆಂಕಿಯ ಸರದಿ ಬಂದಿತ್ತು.

ಅವಳು ಕನ್ನಡಕ ತೆಗೆದು ಡಬ್ಬಿಗೆ ಹಾಕಿದಳು. ಮನೆಯಲ್ಲಿ ನಲ್ಲಿ ಬಿಟ್ಟು ಬಂದಿದೀನಿ ಅನ್ಸುತ್ತೆ ಎಂದಳು. ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದಳು.

ಮೂರು ಭಾನುವಾರ ಅವಳು ಹೋಗಲಿಲ್ಲ. ಮೂರನೆಯದು ಕಳೆದ ಬುಧವಾರ ಅವಳು ತರಕಾರಿ ಚೀಲ ಹಿಡಿದು ರಸ್ತೆ ಬದಿ ನಡೆಯುತ್ತಿದ್ದಾಗ ಬಸ್ಸೊಂದು ಪಕ್ಕದಲ್ಲಿ ನಿಧಾನಿಸಿ, ನಿಲ್ದಾಣಕ್ಕೆ ಹತ್ತು ಮಾರು ಮೊದಲೇ ನಿಂತಿತು. ಡ್ರೈವರ್ ಕಿಟಕಿಯಿಂದ ಬಗ್ಗಿದ. ಆಟ ನಿಲ್ಲಿಸಿದೀವಿ ಅಕ್ಕ ಎಂದ. ಬೇರೆ ಕಥೆ ಆಡಬಹುದಿತ್ತಲ್ಲ ಎಂದಳು ಅವಳು. ಆಡೋಕೆ ನೋಡಿದ್ವಿ, ಆಗಲಿಲ್ಲ ಎಂದ.

"ಆ ಹೆಂಗಸು ಮೂರು ವಾರದಿಂದ ಕಿಟಕಿ ಹತ್ರನೇ ಕೂತಿದಾಳೆ. ನಿಮ್ಮ ಸರದಿ ನಾವು ಆಡೋದು ಹೇಗೆ?"

ಹಿಂದಿನ ವಾಹನಗಳು ಹಾರನ್ ಬಾರಿಸತೊಡಗಿದವು. ಬಸ್ಸಿನೊಳಗಿನವರು ಕತ್ತು ಉದ್ದ ಮಾಡಿ ನೋಡಿದರು. ಡ್ರೈವರ್ ಕೈಯೆತ್ತಿ, ಹೊರಟುಹೋದ.

ಆ ಭಾನುವಾರ ಅವಳು ಬಂದಳು. ಮೇಜಿನ ಮೇಲೆ ಕಾಗದಗಳು ಅಂದು ಬಿಟ್ಟ ಹಾಗೇ ಇದ್ದವು. ದೂಳು ಕೂರದಂತೆ ಯಾರೋ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅವಳು ಕೂತು, ಟೀ ಬೇಡವೆಂದು, ಹೇಳತೊಡಗಿದಳು. ಅಂಗಡಿಯವನು ಪೇಪರಿನಲ್ಲಿ ಓದಿದ್ದ ಆ ಕಟ್ಟಡದಿಂದ ಬಂದ ಕರೆಯನ್ನು ತೆಗೆದುಕೊಂಡದ್ದು ತಾನೇ ಎಂದಳು. ಅಂದು ಎರಡು ಗಾಡಿಗಳು ಊರಾಚೆ ಎಣ್ಣೆ ಗೋದಾಮಿಗೆ ಹೋಗಿದ್ದವು, ಮೂರನೆಯದು ದೂರದ ಠಾಣೆಯಿಂದ ಬರಬೇಕಿತ್ತು. ಆ ಹೆಂಗಸಿಗೆ ನಲವತ್ತರ ಆಸುಪಾಸು. ತಾನು ಹೇಳಿದ್ದನ್ನೆಲ್ಲ ಅವಳು ಹಾಗೇ ಮಾಡಿದಳು, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಆದರೆ ಪೈಪುಗಳು ಹಾದುಹೋಗುವ ಗೋಡೆಯ ಸಂದಿಯಿಂದ ಹೊಗೆ ಕಿಟಕಿಯ ಕಡೆಗೂ ಬಂತು. ಅದು ಯಾರ ಲೆಕ್ಕದಲ್ಲೂ ಇರಲಿಲ್ಲ. ಹತ್ತೊಂಬತ್ತು ನಿಮಿಷ ಮಾತಾಡಿದರು, ಗಾಡಿ ಮುಟ್ಟುವ ಮೊದಲೇ ಆ ಕಡೆಯ ದನಿ ನಿಂತುಹೋಯಿತು. ವಿಚಾರಣೆ ನಡೆಯಿತು; ಕರೆ ತೆಗೆದುಕೊಂಡವರ ಸೂಚನೆಗಳು ನಿಯಮಕ್ಕೆ ಸರಿಯಾಗಿವೆ ಎಂದು ಒಂದು ಸಾಲು ಬರೆದು ಮುಗಿಸಿದರು.

"ಅದು ನನಗೂ ಗೊತ್ತು," ಎಂದಳು. "ನನ್ನನ್ನ ತಿನ್ನೋದು ಅದಲ್ಲ. ಅವಳು ಎರಡು ಸಲ ನಿಮ್ಮ ಹೆಸರೇನಕ್ಕ ಅಂತ ಕೇಳಿದ್ಲು. ಹೆಸರು ಹೇಳಬಾರದು ಅಂತ ನಮಗೆ ನಿಯಮ. ಇಲ್ಲೇ ಇದೀನಿ ಹೇಳಮ್ಮ ಅಂದೆ, ಎರಡೂ ಸಲ. ಆಮೇಲೆ ಅವಳು ಕೇಳಲಿಲ್ಲ."

ಮತ್ತೂ ಒಂದಿತ್ತು. ಘಟನೆಯಾಗಿ ತಿಂಗಳಿಗೆ ಆ ಹೆಂಗಸಿನ ಅಕ್ಕ ಇಲಾಖೆಗೆ ಕಾಗದ ಬರೆದಿದ್ದಳು. ತನ್ನ ತಂಗಿಯ ಜೊತೆ ಕೊನೆಗೆ ಮಾತಾಡಿದವರು ಯಾರೆಂದು ತಿಳಿದರೆ ಸಾಕು, ಬೇರೇನೂ ಬೇಡ ಎಂದು ನಾಲ್ಕು ಸಾಲು, ಕೆಳಗೆ ಫೋನ್ ನಂಬರು. ಉತ್ತರಿಸುವುದು ಕಡ್ಡಾಯವಲ್ಲ ಎಂದು ಚೀಟಿ ಅಂಟಿಸಿ ಇಲಾಖೆಯವರು ಅದನ್ನು ಫೋನಕ್ಕನಿಗೆ ಕೊಟ್ಟಿದ್ದರು. ಉತ್ತರ ಬರೆಯಲು ಕೂತಾಗಲೆಲ್ಲ ಅವಳು ಎದ್ದುಬಿಡುತ್ತಿದ್ದಳು. ಆ ಕಾಗದ ಕೈಗೆ ಬಂದ ಮರುವಾರವೇ ಕೆಲಸ ಬಿಟ್ಟಿದ್ದಳು.

ಅಂಗಡಿಯವನ ಮುಖ ಬಿಳಿಚಿಕೊಂಡಿತ್ತು. ನನಗೆ ಗೊತ್ತಿರಲಿಲ್ಲ ಅಕ್ಕ, ಈ ಕಥೆಯನ್ನೇ ಹರಿದುಹಾಕ್ತೀನಿ ಎಂದು ಕಾಗದಗಳಿಗೆ ಕೈಹಾಕಿದ. ಅವಳು ತಡೆದಳು. ಹರಿಯೋದು ಬೇಡ, ಎಲ್ಲಿ ನಿಲ್ಲಿಸಿದ್ವೋ ಅಲ್ಲಿಂದ ಆಡೋಣ ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವಳು ಬೆಂಕಿಯ ಸರದಿ ಆಡಿದಳು. ರಿಯಾಯಿತಿ ಕೊಡಲಿಲ್ಲ. ಹೊಗೆ ಪೈಪಿನ ಸಂದಿಗೆ ಹೊಕ್ಕಿದೆ ಎಂದಳು. ನಾಲ್ಕನೇ ಮಹಡಿ ದಾಟಿದೆ, ಮುಂದಿನ ಸರದಿಗೆ ಐದರ ಕಿಟಕಿಗೆ ಬರುತ್ತದೆ ಎಂದಳು. ದನಿ ಒಂದೇ ಸಮ ಇತ್ತು. ಡ್ರೈವರ್ ಬೆವರುತ್ತಿದ್ದ. ಬಿರುಗಾಳಿ ಇನ್ನೂ ಎರಡು ಸರದಿ ದೂರ ಇದ್ದ. ಆಗ ಟೀಚರ್, ನನ್ನವಳು ಮೆಟ್ಟಿಲು ಬಿಟ್ಟು ಹೊರಗೋಡೆ ಹತ್ತುತ್ತಾಳೆ, ಆ ಸಂದಿಯ ಬಾಯಿಗೆ ತನ್ನ ಬೆನ್ನು ಕೊಟ್ಟು ಮುಚ್ಚಿ ನಿಲ್ಲುತ್ತಾಳೆ ಎಂದಳು. ಅದು ಅಕ್ಕನ ಹಾಳೆಯಲ್ಲಿ ಇರಲಿಲ್ಲ. ಉಕ್ಕಿನ ಮೈ, ಕಾದರೆ ಕಾಯಲಿ, ಅಲ್ಲಿ ಯಾರನ್ನೂ ಎತ್ತಬೇಕಿಲ್ಲವಲ್ಲ. ಫೋನಕ್ಕ ಯೋಚಿಸಿ, ಆಗುತ್ತೆ ಎಂದಳು. ಟೀಚರ್ ದಾಳ ಹಾಕಿದಳು. ಬೇಕಾದದ್ದಕ್ಕಿಂತ ಒಂದು ಹೆಚ್ಚೇ ಬಿತ್ತು. ಎರಡು ಸರದಿ ಉಕ್ಕಮ್ಮ ಹಾಗೇ ನಿಂತಳು. ಬಿರುಗಾಳಿ ಬಂದು ಛಾವಣಿಯ ಬಾಗಿಲು ಕಿತ್ತು ಮೆಟ್ಟಿಲಿನ ಹೊಗೆಯನ್ನೆಲ್ಲ ಮೇಲಕ್ಕೆ ಎಳೆದ. ಐದನೇ ಮಹಡಿಯವಳು ತನ್ನ ಕಾಲ ಮೇಲೆ ನಡೆದು ಕೆಳಗಿಳಿದಳು.

ಡ್ರೈವರ್ ಕಣ್ಣೊರೆಸಿಕೊಂಡ. ಟೀಚರ್ ಫೋನಕ್ಕನ ಕೈ ಮೇಲೆ ಕೈ ಇಟ್ಟಳು. ಚೆನ್ನಾಗಿ ಆಡಿದ್ರಿ ಎಂದು ಫೋನಕ್ಕ ಹೇಳಿದಳು, ಮನಸಾರೆಯೇ ಹೇಳಿದಳು. ಆದರೆ ಒಳಗೆ ಏನೂ ಹಗುರಾಗಲಿಲ್ಲ. ಮನೆಗೆ ನಡೆಯುವಾಗ ಅವಳಿಗೆ ಹಿಂದೆಂದಿಗಿಂತ ಹೆಚ್ಚು ಒಂಟಿ ಅನ್ನಿಸಿತು. ಬದುಕಿ ಕೆಳಗಿಳಿದವಳು ಕಾಗದದವಳು. ಅವಳಿಗೆ ಅಕ್ಕ ಇರಲಿಲ್ಲ, ಯಾರ ಹೆಸರನ್ನೂ ಅವಳು ಕೇಳಿರಲಿಲ್ಲ. ಕೇಳಿದವಳು ಬೇರೆ. ಅವಳ ಪಾಲಿನ ಉತ್ತರವನ್ನು ಈ ಮೂವರಲ್ಲಿ ಯಾರೂ, ಎಷ್ಟೇ ಒಳ್ಳೆಯವರಾಗಿದ್ದರೂ, ದಾಳ ಹಾಕಿ ಕೊಡಿಸಲಾರರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ಕಾಗದದ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಇಷ್ಟು ವರ್ಷ ಕರೆ ಎತ್ತಿದವಳೇ ಹೊರತು ಮಾಡಿದವಳಲ್ಲ; ಆ ಕಡೆಯಿಂದ ಹಲೋ ಎಂದಾಗ ಶುರು ಮಾಡುವುದು ಹೇಗೆಂದು ತೋಚಲಿಲ್ಲ. ಆಮೇಲೆ ಮೊದಲು ತನ್ನ ಹೆಸರು ಹೇಳಿದಳು. ಪೂರ್ತಿ ಹೆಸರು. ನಿಮ್ಮ ತಂಗಿಯ ಕರೆ ತೆಗೆದುಕೊಂಡವಳು ನಾನು ಎಂದಳು.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಉಸಿರು ಮಾತ್ರ ಕೇಳುತ್ತಿತ್ತು. ಫೋನಕ್ಕ ಕಾದಳು, ಕಾಯುವುದು ಅವಳಿಗೆ ಬರುತ್ತಿತ್ತು. ಕೊನೆಗೆ ಆ ಹೆಂಗಸು, ಹೊರಗೆ ಓಡು ಅಂದಿದ್ರೆ ಬದುಕ್ತಿದ್ಲಾ ಎಂದು ಕೇಳಿದಳು. ಇಲ್ಲ, ಮೂರನೇ ಮಹಡಿ ದಾಟ್ತಿರಲಿಲ್ಲ ಎಂದಳು ಫೋನಕ್ಕ. ಹಾಗಂತ ಗೊತ್ತಿದ್ದೂ ದಿನಾ ಕೇಳ್ಕೋತೀನಿ ಎಂದೂ ಹೇಳಿದಳು. ನಾನೂ ಎಂದಿತು ಆ ಕಡೆಯ ದನಿ.

"ಅತ್ಲಾ ಅವಳು?"

"ಇಲ್ಲ. ಕೆಮ್ತಿದ್ರು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಅಂದೆ. ಕೈಗೆ ಸಿಕ್ಕಿದ್ದು ಅಕ್ಕ ಕೊಟ್ಟ ಹೊಸ ಬೆಡ್‌ಶೀಟು, ಹಾಳಾಯ್ತು, ನೋಡಿದ್ರೆ ಬೈತಾಳೆ ಅಂದ್ರು."

ಆ ಕಡೆ ಏನೋ ಸದ್ದಾಯಿತು, ನಗುವೋ ಅಳುವೋ ತಿಳಿಯಲಿಲ್ಲ. "ಬೈತಿದ್ದೆ," ಎಂದಳು ಆ ಅಕ್ಕ. "ಹೌದು. ಖಂಡಿತ ಬೈತಿದ್ದೆ."

ಹತ್ತೊಂಬತ್ತು ನಿಮಿಷದಲ್ಲಿ ಆಡಿದ ಮಾತನ್ನೆಲ್ಲ ಅವಳು ಒಂದೊಂದಾಗಿ ಹೇಳಿದಳು. ಹೆಸರು ಕೇಳಿದ್ದನ್ನೂ, ತಾನು ಹೇಳದಿದ್ದುದನ್ನೂ ಬಿಡಲಿಲ್ಲ. ಅದಕ್ಕೆ ಆ ಅಕ್ಕ ಕ್ಷಮಿಸುತ್ತೇನೆಂದೂ ಅನ್ನಲಿಲ್ಲ, ಬೈಯಲೂ ಇಲ್ಲ. ಕೊನೇ ಗಳಿಗೇಲಿ ಒಬ್ಬಳೇ ಇದ್ಲು ಅಂದ್ಕೊಂಡಿದ್ದೆ ಎಂದು ಮಾತ್ರ ಹೇಳಿದಳು. ಆಮೇಲೆ, ಈಗ ಇಡಿ, ನನಗೆ ಆಗ್ತಿಲ್ಲ ಎಂದಳು. ಫೋನ್ ಕಟ್ಟಾಯಿತು.

ಹತ್ತು ದಿನದ ಮೇಲೆ ಫೋನಕ್ಕನಿಗೇ ಕರೆ ಬಂತು. ಗುರುವಾರ ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಯಲ್ಲಿ ಒಬ್ಬಳೇ ಇರ್ತೀನಿ, ಬರೋದಾದ್ರೆ ಬನ್ನಿ ಎಂದಿತು ಆ ಅಕ್ಕನ ದನಿ. ಎರಡು ಬಸ್ಸು ಬದಲಾಯಿಸಿ ಅವಳು ಹೋದಳು. ಹಳೇ ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡುವ ಸಣ್ಣ ಅಂಗಡಿ ಅದು, ಒಂದು ಕಿಟಕಿ, ಎರಡು ಯಂತ್ರ. ಒಂದರ ಮೇಲೆ ಬಟ್ಟೆ ಮುಚ್ಚಿತ್ತು. ಅದು ಯಾರದ್ದೆಂದು ಫೋನಕ್ಕ ಕೇಳಲಿಲ್ಲ. ಆ ಅಕ್ಕನಿಗೂ ಐವತ್ತರ ಹತ್ತಿರ, ಕೂದಲು ಅರ್ಧ ನರೆತಿತ್ತು, ಬೆರಳ ತುದಿಗಳು ಸೂಜಿಯಿಂದ ಒರಟಾಗಿದ್ದವು. ಇಬ್ಬರೂ ಎದುರುಬದುರು ಕೂತರು. ಫೋನಿನಲ್ಲಿ ಆದ ಹಾಗೆ ಎದುರಿಗೆ ಆಗುವುದಿಲ್ಲ. ಮುಖ ಇರುತ್ತದೆ, ಅದನ್ನು ಎಲ್ಲಿಡುವುದೆಂದು ತೋಚುವುದಿಲ್ಲ.

ಆ ಅಕ್ಕ ಎದ್ದು ಒಂದು ಉಣ್ಣೆ ಕೋಟು ತಂದು ಅವಳ ತೊಡೆಯ ಮೇಲೆ ಹಾಕಿದಳು. ತೋಳಿನ ಹೊಲಿಗೆ ಬಿಚ್ಚಬೇಕು, ಬರುತ್ತಾ ಎಂದಳು. ಬರಲ್ಲ ಎಂದಳು ಫೋನಕ್ಕ. ಆಕೆ ಚಿಕ್ಕ ಬ್ಲೇಡು ಕೊಟ್ಟು, ಬಟ್ಟೆ ತಾಗದ ಹಾಗೆ ದಾರ ಮಾತ್ರ ಕತ್ತರಿಸುವುದನ್ನು ಒಮ್ಮೆ ತೋರಿಸಿ, ತನ್ನ ಯಂತ್ರಕ್ಕೆ ಹೋಗಿ ಕೂತಳು.

ಫೋನಕ್ಕ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಕೋಟನ್ನು ತಿರುಗಿಸಿದಳು. ದಾರ ಬಟ್ಟೆಯದೇ ಬಣ್ಣದ್ದು, ಹುಡುಕಿ ಹುಡುಕಿ ಕತ್ತರಿಸಬೇಕು. ಮೊದಲ ಒಂದು ಗೇಣಿಗೆ ಅರ್ಧ ಗಂಟೆ ಹಿಡಿಯಿತು. ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಸಂಜೆಯಾಗುವ ಹೊತ್ತಿಗೆ ಒಂದು ತೋಳು ಬಿಡಿಯಾಗಿ ಅವಳ ಕೈಗೆ ಬಂತು. ಆ ಅಕ್ಕ ಬಂದು ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಕಡೆ ಬಟ್ಟೆಯೇ ಕತ್ತರಿಸಿಹೋಗಿದೆ ಎಂದು ಬೆರಳಿಟ್ಟು ತೋರಿಸಿದಳು. ಆದರೂ ಇನ್ನೊಂದು ತೋಳನ್ನು ಅವಳ ಕಡೆಗೇ ತಿರುಗಿಸಿ ಇಟ್ಟಳು.